ಗೋಕಾಕ ಫಾಲ್ಸ್: ಒಂದು ಗಿರಣಿ ಗ್ರಾಮದ ಪೂರ್ವೇತಿಹಾಸ

ದೇವಾಲಯದ ಶತಮಾನೋತ್ಸವವು ಕೇವಲ ಕಟ್ಟಡಕ್ಕೆ ನೂರು ವರ್ಷ ತುಂಬಿದ ಸಂಭ್ರಮವಲ್ಲ. ಅದರೊಳಗೆ ಮೊಣಕಾಲೂರಿ ಪ್ರಾರ್ಥಿಸಿದ ದುಡಿಯುವ ಜನರ ಸ್ಮರಣೆಯೂ ಹೌದು. ದುಡಿಮೆಯು ಊರನ್ನು ಕಟ್ಟುವ ಬಗೆಯನ್ನು ಅರಿಯಲು ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್ ಗ್ರಾಮದ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಸಹ್ಯಾದ್ರಿಯಲ್ಲಿ ಜನಿಸಿ ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭಾ ನದಿಯು ಇಲ್ಲಿ ಸುಮಾರು 170 ಅಡಿ ಕೆಳಗಿನ ಕಂದರಕ್ಕೆ ಧುಮುಕುತ್ತದೆ. ದಡದಲ್ಲಿರುವ ಚಾಲುಕ್ಯರ ಕಾಲದ ಶಿವಾಲಯಗಳು ಈ ಸ್ಥಳದ ಪ್ರಾಚೀನತೆಗೆ ಸಾಕ್ಷಿಯಾಗಿವೆ. ಆದರೆ ಗಿರಣಿ ಗ್ರಾಮವು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಂದು ಮುಂಬಯಿಯ ಗಿರಣಿಗಳು ಕಲ್ಲಿದ್ದಲನ್ನು ಉರಿಸಿ ಉಗಿಯ ಬಲದಿಂದ ನಡೆಯುತ್ತಿದ್ದವು. ಇಲ್ಲಿಯಾದರೋ ಧುಮುಕುವ ನೀರೇ ಬಲ. ಹತ್ತಿ ಬೆಳೆಯುವ ಕಪ್ಪುಭೂಮಿಯೂ ಸಮೀಪ. ಆದುದರಿಂದ ಗಿರಣಿಯೇ ಹಳ್ಳಿಯನ್ನು ಅರಸಿ ಬಂದಿತು. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಸ್ಥಾಪಿತವಾಯಿತು. 1887ರ ಹೊತ್ತಿಗೆ ಜಲಪಾತದ ಶಕ್ತಿಯು ಯಂತ್ರಗಳನ್ನು ತಿರುಗಿಸತೊಡಗಿತು.

1876ರಿಂದ 1878ರವರೆಗಿನ ಘೋರ ಕ್ಷಾಮವನ್ನು ಕಂಡಿದ್ದ ಆ ಸೀಮೆಯಲ್ಲಿ ನಿಶ್ಚಿತ ಕೂಲಿಯು ದೊಡ್ಡ ಆಸರೆಯೇ ಸರಿ. ಆದರೆ ಮಳೆ ಬೆಳೆಗಳನ್ನು ನೋಡಿ ದುಡಿಯುತ್ತಿದ್ದ ರೈತಾಪಿ ಜನಕ್ಕೆ ಗಿರಣಿಯ ಗಳಿಗೆಯ ಲೆಕ್ಕವು ಹೊಸತು. ಆಗ ಜಾರಿಯಲ್ಲಿದ್ದ 1881ರ ಕಾರ್ಖಾನೆ ಕಾಯಿದೆಯು ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಅವಕಾಶವಿತ್ತಿತ್ತು. ವಯಸ್ಕರಿಗೆ ವಾರದ ರಜೆಯನ್ನೇ ವಿಧಿಸಿರಲಿಲ್ಲ.

ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ನಡೆದ ಹೋರಾಟದ ಫಲವಾಗಿ 1890ರ ಜೂನ್‌ನಲ್ಲಿ ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯಿದೆಯು ವಾರದ ವಿರಾಮವನ್ನು ವಿಧಿಸಿ, ಬಾಲಕಾರ್ಮಿಕರ ಕನಿಷ್ಠ ವಯಸ್ಸನ್ನು ಒಂಬತ್ತಕ್ಕೆ ಏರಿಸಿತು. ಅದೇ ವರ್ಷ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ವಿಶ್ವಪತ್ರವನ್ನು ಹೊರಡಿಸಿ, ನ್ಯಾಯವಾದ ಕೂಲಿಯೂ ದೇವಾರಾಧನೆಗೆ ಬೇಕಾದ ವಿಶ್ರಾಂತಿಯೂ ಕಾರ್ಮಿಕನ ಹಕ್ಕೆಂದು ಸಾರಿದರು.

ಪ್ರಿಯ ಭಕ್ತಾದಿಗಳೇ, ಯಂತ್ರವು ನಿಂತಲ್ಲದೆ ದುಡಿಯುವವನು ಬಲಿಪೂಜೆಗೆ ಬರಲಾರನು. ನಮ್ಮ ಭಾನುವಾರದ ಗಂಟೆಯ ನಾದದ ಹಿಂದೆ ಹೆಸರಿಲ್ಲದ ಸಾವಿರಾರು ಕೂಲಿಕಾರರ ಬೆವರಿದೆ. ಇಂದೂ ನಮ್ಮ ಮನೆ, ಅಂಗಡಿ, ಹೊಲಗಳಲ್ಲಿ ನಮಗಾಗಿ ದುಡಿಯುವವರಿಗೆ ಆ ವಿರಾಮವನ್ನು ನಾವು ಕೊಡುತ್ತಿರುವೆವೇ? ಶತಮಾನೋತ್ಸವದ ಈ ಶುಭ ವರ್ಷದಲ್ಲಿ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ. ಬಡಗಿಯಾಗಿ ದುಡಿದು ತಿರುಕುಟುಂಬವನ್ನು ಸಲಹಿದ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ.