ಸೀಸದ ಬಾಕಿ

ಸುಬಾಂಗ್ ಜಯಾದ ನಮ್ಮ ಮನೆಯ ಹತ್ತಿರದ ಸನ್‌ವೇ ಲಗೂನ್ ಒಂದು ಕಾಲಕ್ಕೆ ತವರದ ಗಣಿ. ಈಗ ಕೋವಿಗೆ ಸೀಸದ ಬದಲು ತವರವನ್ನೂ ಬಳಸುತ್ತಾರೆಂದು ತಿಳಿದಾಗ ಕೊಡಗಿನ ಅಜ್ಜನ ತೋಟಾಕೋವಿ ನೆನಪಾಯಿತು.

ಸೀಸ ಅಗ್ಗ, ಭಾರ, ಮೆತ್ತಗೆ. ಆದರೆ ಗುರಿ ತಪ್ಪಿದ ಗುಂಡು ಕೆರೆಯ ತಳ ಸೇರುತ್ತದೆ. ಕಾಳು ಅರೆಯಲು ಹರಳು ನುಂಗುವ ಬಾತುಗಳು ಅದನ್ನೂ ನುಂಗುತ್ತವೆ. ಸೀಸ ಸವೆದು ರಕ್ತಕ್ಕಿಳಿದು ಸಾಯುತ್ತವೆ. ಅಮೆರಿಕದಲ್ಲಿ ಇದು 1890ರ ದಶಕದಲ್ಲೇ ಗೊತ್ತಿತ್ತು. ನೀರುಹಕ್ಕಿಗಳ ಬೇಟೆಯಲ್ಲಿ ದೇಶವಿಡೀ ಸೀಸ ನಿಂತದ್ದು 1991ರಲ್ಲಿ. ಡೆನ್ಮಾರ್ಕ್ 1996ರಲ್ಲಿ ಸೀಸದ ಸಣ್ಣಗುಂಡುಗಳನ್ನು ಪೂರ್ತಿ ನಿಷೇಧಿಸಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಜೌಗುನೆಲಗಳಲ್ಲಿ ನಿಲ್ಲಿಸಿತು. ಬದಲಿಗೆ ಉಕ್ಕು, ಬಿಸ್ಮತ್ ಬಂದವು. ಉಕ್ಕು ಹಗುರ, ಗಟ್ಟಿ. ಅಜ್ಜನ ಕೋವಿಯಂಥ ಹಳೆಯ ನಳಿಗೆಗೆ ಒಗ್ಗದು.

ಭಾರತದ ದಾರಿ ಬೇರೆ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಅದೇ 1991ರ ತಿದ್ದುಪಡಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಅವರು ಗುಂಡು ಬದಲಿಸಿದರು, ನಾವು ಬೇಟೆಯನ್ನೇ ಬಿಟ್ಟೆವು. ಹಾಗಾಗಿ ಸೀಸದ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲೇ ಇಲ್ಲ.

ಆದರೆ ಕೋವಿ ಉಳಿದಿದೆ. ಕೈಲ್ ಮುಹೂರ್ತದಂದು ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹಾರುತ್ತದೆ. ಖಾತೆ ಮುಚ್ಚಿದರೂ ಬಾಕಿ ಉಳಿದೀತೆಂಬುದು ಲೆಕ್ಕಿಗನಾದ ನನಗೆ ಗೊತ್ತು. ಈ ಸಲ ತಮ್ಮನಿಗೆ ಹೇಳಬೇಕು: ಗದ್ದೆಯ ಕಡೆಗೆ ಹೊಡೆಯಬೇಡಿ, ಕಾಯಿಯ ಹಿಂದೆ ಮಣ್ಣಿನ ದಿಬ್ಬ ಹಾಕಿ, ಆಮೇಲೆ ಸೀಸವನ್ನು ಆರಿಸಿ ತೆಗೆಯಿರಿ.