ಕಣ್ಣು ಕೊಟ್ಟ ಅಣ್ಣ: ಡಾ. ಎಂ. ಸಿ. ಮೋದಿ

ಬೆತ್ಸಾಯಿದ ಊರಿನಲ್ಲಿ ಪ್ರಭು ಯೇಸುವು ಕುರುಡನೊಬ್ಬನಿಗೆ ದೃಷ್ಟಿಯಿತ್ತ ಪ್ರಸಂಗವನ್ನು ಸಂತ ಮಾರ್ಕರು ತಮ್ಮ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ. ಪ್ರಭುವು ಮೊದಲು ಆತನ ಕೈಹಿಡಿದು ಊರಾಚೆಗೆ ನಡೆಸಿಕೊಂಡು ಹೋದರು; ಅನಂತರ ಮುಟ್ಟಿ ಗುಣಪಡಿಸಿದರು. ಮೊದಲ ಸ್ಪರ್ಶಕ್ಕೆ ಆತನಿಗೆ ಜನರು ನಡೆದಾಡುವ ಮರಗಳಂತೆ ಮಸುಕಾಗಿ ಕಂಡರು. ಎರಡನೆಯ ಸ್ಪರ್ಶಕ್ಕೆ ಎಲ್ಲವೂ ನಿಚ್ಚಳವಾಯಿತು. ಅರೆಬೆಳಕಿನಲ್ಲಿ ಅವನನ್ನು ಬಿಟ್ಟು ಪ್ರಭುವು ಹೊರಟುಹೋಗಲಿಲ್ಲ. ರೋಗಿಯ ಕೈಹಿಡಿಯುವುದು, ಕಡೆಯವರೆಗೂ ಜೊತೆಗಿರುವುದು, ಇವೆರಡೂ ವೈದ್ಯವೃತ್ತಿಯ ಹಿರಿಯ ಧರ್ಮಗಳೆಂದು ನಾವು ಭಾವಿಸುತ್ತೇವೆ. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಧರ್ಮವನ್ನು ಪಾಲಿಸಿದ ನಮ್ಮ ನಾಡಿನ ಶಸ್ತ್ರವೈದ್ಯರೊಬ್ಬರನ್ನು ಸ್ಮರಿಸಬಯಸುತ್ತೇವೆ.

ಆಸ್ಪತ್ರೆಗಳ ವಿಷಯದಲ್ಲಿ ನಮ್ಮ ಮೈಸೂರು ನಗರವು ಭಾಗ್ಯಶಾಲಿಯೇ ಸರಿ. ಮಿಷನ್ ಆಸ್ಪತ್ರೆಯೆಂದು ಜನಜನಿತವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1906ರಿಂದ ಇಲ್ಲಿದೆ. ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದಿತು. ಕೃಷ್ಣರಾಜೇಂದ್ರ ಆಸ್ಪತ್ರೆಯು ಬಡಬಗ್ಗರಿಗೆ ದೊಡ್ಡಾಸ್ಪತ್ರೆಯಾಯಿತು. ಆದರೆ ಆ ದಿನಗಳಲ್ಲಿ ಹಳ್ಳಿಗಾಡಿನ ಮುದುಕನಿಗೆ ಕಣ್ಣಿನಲ್ಲಿ ಪೊರೆ ಬಂದರೆ ಅವನ ಗತಿಯೇನು? ಪಟ್ಟಣಕ್ಕೆ ಬರಲು ಹಣ ಬೇಕು; ಕರೆತರುವವನು ಕೂಲಿ ಬಿಡಬೇಕು; ಕತ್ತಿ ತಾಕಿದರೆ ಇರುವ ಮಬ್ಬು ದೃಷ್ಟಿಯೂ ಹೋದೀತೆಂಬ ಅಂಜಿಕೆ ಬೇರೆ. ‘ವಯಸ್ಸಾಯಿತು, ಕಣ್ಣು ಹೋಯಿತು’ ಎಂದು ಮನೆಯವರು ಸುಮ್ಮನಾಗುತ್ತಿದ್ದರು. ಮುದುಕನು ಜಗುಲಿಯ ಮೂಲೆ ಸೇರುತ್ತಿದ್ದನು. ಚಿಕಿತ್ಸೆಯಿಂದ ನೀಗಬಹುದಾದ ಕುರುಡು ಹೀಗೆ ವಿಧಿಯೆನಿಸಿಕೊಂಡಿತ್ತು.

ಈ ವಿಧಿಯನ್ನು ಒಪ್ಪದವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಅವರು ನೇತ್ರಚಿಕಿತ್ಸೆಯಲ್ಲಿ ಪರಿಣತಿ ಪಡೆದು, ಪಟ್ಟಣದಲ್ಲಿ ಕುಳಿತು ಸಂಪಾದಿಸುವ ಮಾರ್ಗವನ್ನು ಬಿಟ್ಟರು. ರೋಗಿಯು ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಲಿ ಎಂಬುದು ಅವರ ನಿಲುವು. 1943ರಿಂದ ಆರಂಭಿಸಿ ಅರ್ಧ ಶತಮಾನ ಊರೂರು ಸುತ್ತಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ಸರ್ಕಾರವು 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ನೀಡಿತು. ಜನರು ನೀಡಿದ ಬಿರುದು ಅದಕ್ಕಿಂತ ಹಿರಿದು: ‘ಕಣ್ಣು ಕೊಟ್ಟ ಅಣ್ಣ’.

ಅವರ ಶಿಬಿರದಲ್ಲಿ ಮೇಜುಗಳು ಸಾಲಾಗಿರುತ್ತಿದ್ದವು. ಸಹಾಯಕರು ರೋಗಿಗಳನ್ನು ಸಿದ್ಧಗೊಳಿಸಿದಂತೆ ವೈದ್ಯರು ಒಂದು ಮೇಜಿನಿಂದ ಮತ್ತೊಂದಕ್ಕೆ ಸಾಗುತ್ತಿದ್ದರು. ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದ ದಾಖಲೆಯು ಗಿನ್ನೆಸ್ ಪುಸ್ತಕದಲ್ಲಿ ಸೇರಿತು. ಹಗಲಿರುಳು ನಿಲ್ಲದೆ ದುಡಿದರೂ ಒಂದಕ್ಕೆ ಎರಡು ನಿಮಿಷವೂ ದೊರೆಯದ ಲೆಕ್ಕವಿದು! ಅದೇ ಪುಸ್ತಕದ ಪ್ರಕಾರ 1993ರ ಫೆಬ್ರವರಿಯವರೆಗೆ ಅವರು ಭೇಟಿಯಿತ್ತ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಜನರು 833ನ್ನು ಕೊಂಡಾಡುತ್ತಾರೆ. ನಮ್ಮ ಮನಸ್ಸನ್ನು ಸೆಳೆಯುವುದು ಬೇರೆಯೇ ಲೆಕ್ಕ. ಶಸ್ತ್ರ ತಾಕಿದ್ದು ಇಪ್ಪತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ. ಉಳಿದ ಹತ್ತೊಂಬತ್ತು ಮಂದಿಯ ಕಣ್ಣನ್ನೂ ಅವರು ನೋಡಿದರು. ದಾಖಲೆಯಷ್ಟೇ ಬೇಕಾದವನು ಆ ಹತ್ತೊಂಬತ್ತು ಮಂದಿಯನ್ನು ಅರಸಿ ಹಳ್ಳಿಗೆ ಹೋಗುತ್ತಿರಲಿಲ್ಲ.

ಆದರೂ ಸತ್ಯದ ಇನ್ನೊಂದು ಮುಖವನ್ನು ಮರೆಮಾಚಲಾಗದು. ಶಿಬಿರವೆಂದರೆ ಅಪಾಯವೂ ಉಂಟು. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ಬೇರೆಯವರು ನಡೆಸಿದ ಶಿಬಿರವೊಂದರಲ್ಲಿ ಸೋಂಕು ತಗುಲಿ, ಬೆಳಕನ್ನು ಅರಸಿ ಬಂದ 80ಕ್ಕೂ ಹೆಚ್ಚು ಬಡವರು ಶಸ್ತ್ರಚಿಕಿತ್ಸೆಗೊಳಗಾದ ಕಣ್ಣನ್ನು ಕಳೆದುಕೊಂಡರು. ವಿಷಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಉಚಿತವೆಂಬ ಮಾತ್ರಕ್ಕೆ ಸೇವೆಯು ಶುದ್ಧವಾಗುವುದಿಲ್ಲ. ಬಡವನಿಗೆ ಮಾಡುವ ಸೇವೆಯಲ್ಲಿ ಎಚ್ಚರಿಕೆಯು ಇನ್ನೂ ಹೆಚ್ಚಾಗಿರಬೇಕು. ಚಿಕಿತ್ಸೆಯ ರೀತಿಯೂ ಬದಲಾಯಿತು. ಹಿಂದೆ ಪೊರೆಗಟ್ಟಿದ ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕವನ್ನು ಕೊಡುತ್ತಿದ್ದರು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿಯವರು ಕಣ್ಣಿನೊಳಗೇ ಕೃತಕ ಮಸೂರವನ್ನಿರಿಸುವ ವಿಧಾನವನ್ನು ಆರಂಭಿಸಿದರು. ಮುಂದೆ ಅದೇ ಎಲ್ಲೆಡೆ ರೂಢಿಯಾಯಿತು. ಅದಕ್ಕೆ ಸೂಕ್ಷ್ಮದರ್ಶಕವೂ ಸೋಂಕಿಲ್ಲದ ಕೊಠಡಿಯೂ ಬೇಕು. ಆದ್ದರಿಂದ ಇಂದು ಹಳ್ಳಿಯಲ್ಲಿ ತಪಾಸಣೆ ನಡೆಸಿ, ಪೊರೆಯುಳ್ಳವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆತರುತ್ತಾರೆ. ಮೇಜುಗಳ ಸಾಲು ಹೋಯಿತು. ಕೈಹಿಡಿದು ಕರೆತರುವ ಕೆಲಸವು ಉಳಿಯಿತು. ಡಾ. ಮೋದಿಯವರ ನಿಜವಾದ ಆಸ್ತಿ ಇದೇ ಎಂಬುದು ನಮ್ಮ ಅಭಿಪ್ರಾಯ.

2005ರ ನವೆಂಬರ್ 11ರಂದು ಅವರು ದೈವಾಧೀನರಾದರು. ಅವರು ನಮ್ಮ ಧರ್ಮಸಭೆಯವರಲ್ಲ. ಅವರನ್ನು ಇಲ್ಲಿ ನೆನೆಯುವುದೇಕೆಂದು ಯಾರಾದರೂ ಕೇಳಿಯಾರು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಯಾಜಕನು ಬದಿಗೆ ಸರಿದು ಹೋದನು, ಸಮಾರಿಯದವನು ನಿಂತನು. ಈ ಸಾಮತಿಯನ್ನು ಓದುವಾಗಲೆಲ್ಲ ಯಾಜಕರಾದ ನಾವೇ ಮೊದಲು ತಲೆತಗ್ಗಿಸಬೇಕಾಗುತ್ತದೆ.

ಪ್ರಿಯ ಭಕ್ತಾದಿಗಳೇ, ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದೆ. ಬಲಿಪೂಜೆಗೆ ಬರುತ್ತಿದ್ದ ಅಜ್ಜಿಯೊಬ್ಬರು ಈಚೆಗೆ ಬರುತ್ತಿಲ್ಲವೆಂದರೆ ಭಕ್ತಿ ಕುಂದಿತೆಂದು ತಿಳಿಯಬೇಡಿ, ಮೆಟ್ಟಿಲು ಕಾಣದಿರಬಹುದು. ಅವರ ಮನೆಗೆ ಹೋಗಿ, ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯಿರಿ. ಕಟ್ಟು ಬಿಚ್ಚುವ ದಿನವೂ ಜೊತೆಗಿರಿ. ಮುಂದಿನ ಭಾನುವಾರ ಅವರು ಪೀಠದ ದೀಪವನ್ನು ಕಣ್ಣಾರೆ ಕಂಡರೆ, ಶತಮಾನೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆ ಬೇರೆ ಬೇಕಿಲ್ಲ. ಲೋಕದ ಬೆಳಕಾದ ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.