ಮಂಗನ ಕಾಯಿಲೆ
ಮಂಗನ ಕಾಯಿಲೆಯು ಫ್ಲೇವಿವೈರಸ್ ಗುಂಪಿನ ವೈರಾಣುವಿನಿಂದ ಉಂಟಾಗುವ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದುದರಿಂದ ಕ್ಯಾಸನೂರು ಕಾಡಿನ ಕಾಯಿಲೆ ಎಂದೂ ಕರೆಯುತ್ತಾರೆ. ಹೆಸರು ಹೀಗಿದ್ದರೂ ಮನುಷ್ಯರಿಗೆ ರೋಗವನ್ನು ದಾಟಿಸುವುದು ಮುಖ್ಯವಾಗಿ ಉಣುಗು. ಮಂಗವೂ ಅದಕ್ಕೆ ಬಲಿಯೇ. ಸೋಂಕಿತ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಸೌದೆ, ದರಗು ತರಲು ಹೋದವರನ್ನು ಮರಿ ಉಣುಗು ಕಚ್ಚಿದರೆ ವೈರಾಣು ದೇಹವನ್ನು ಹೊಕ್ಕು ಜೀವಕೋಶಗಳೊಳಗೆ ವೃದ್ಧಿಯಾಗುತ್ತದೆ. 3ರಿಂದ 8 ದಿನಗಳಲ್ಲಿ ಚಳಿ, ತೀವ್ರ ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಳ್ಳುತ್ತವೆ; ಕೆಲವರಿಗೆ ಮೂಗು, ವಸಡುಗಳಿಂದ ರಕ್ತಸ್ರಾವವೂ ಆಗುತ್ತದೆ. ರೋಗಿಗಳಲ್ಲಿ ಸುಮಾರು ಶೇ. 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪ್ರತಿಜೈವಿಕಗಳು ಈ ವೈರಾಣುವಿನ ಮೇಲೆ ಪರಿಣಾಮ ಬೀರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡದು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.